ಕೆಂಪು ಗುಲಾಬಿ ಅಂದರೆ ಪ್ರೀತಿ, ಹಳದಿ ಅಂದರೆ ಗೆಳೆತನ: ಹೂವಿಗೆ ನಿಜವಾಗಿಯೂ ಅರ್ಥ ಇದೆಯೇ?

ಫೆಬ್ರವರಿ 7ರ ‘ರೋಸ್ ಡೇ’ ಹತ್ತಿರ ಬಂದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತದೆ. ಕೆಂಪು ಗುಲಾಬಿ ಕೊಟ್ಟರೆ ಪ್ರೀತಿ, ಹಳದಿ ಕೊಟ್ಟರೆ ಗೆಳೆತನ, ಬಿಳಿ ಕೊಟ್ಟರೆ ಶುದ್ಧ ಮನಸ್ಸು. ಇದರ ಜೊತೆಗೇ ಸೇರಿಕೊಂಡು ಬರುವ ಇನ್ನೊಂದು ಮಾತು: ‘ಹುಡುಗಿ ಹೂ ತೆಗೆದುಕೊಂಡರೆ ಒಪ್ಪಿದಳು ಎಂದೇ ಅರ್ಥ.’ ಇದರಲ್ಲಿ ನಿಜ ಎಷ್ಟು? ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹೂಗಳನ್ನೇ ಇಟ್ಟುಕೊಂಡು ನೋಡೋಣ.

ಬಣ್ಣ, ಪರಿಮಳ ಯಾರಿಗಾಗಿ?

ಗಿಡ ಹೂ ಬಿಡುವುದು ಬೀಜ ಕಟ್ಟಲು. ಕೆಂಪು ಗುಲಾಬಿಯ ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ, ಹಳದಿಗೆ ಕೆರೋಟಿನಾಯ್ಡ್. ಮಲ್ಲಿಗೆ ಬೆಳ್ಳಗಿದ್ದು ಸಂಜೆ ಅರಳಿ ಘಮಘಮಿಸುವುದು ಕತ್ತಲಲ್ಲಿ ಹಾರುವ ಪತಂಗಗಳನ್ನು ಸೆಳೆಯಲು. ಸಂಜೆಯ ಆ ಪರಿಮಳವನ್ನು ಒಲವಿಗೆ ಜೋಡಿಸಿದವರು ನಾವು. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಮ್ಮ ಪ್ರೇಮಗೀತೆಗಳ ಸಂಕಲನಕ್ಕೆ ‘ಮೈಸೂರ ಮಲ್ಲಿಗೆ’ ಎಂದು ಹೆಸರಿಟ್ಟಾಗ ಯಾರಿಗೂ ವಿವರಣೆ ಬೇಕಾಗಿರಲಿಲ್ಲ.

ಗುಲಾಬಿ ಪಟ್ಟಿ ಎಲ್ಲಿಂದ ಬಂತು?

ಅದರ ಮೂಲ ಯುರೋಪಿನ ‘ಹೂಗಳ ಭಾಷೆ’ ಪುಸ್ತಕಗಳಲ್ಲಿದೆ. 1819ರಲ್ಲಿ ಪ್ಯಾರಿಸ್‌ನಲ್ಲಿ ಇಂಥದ್ದೊಂದು ಪುಸ್ತಕ ಬಂದು ಬಹಳ ಜನಪ್ರಿಯವಾಯಿತು. 1884ರಲ್ಲಿ ಇಂಗ್ಲೆಂಡಿನ ಕೇಟ್ ಗ್ರೀನ್‌ವೇ ಪ್ರಕಟಿಸಿದ ಪುಸ್ತಕದಲ್ಲಿ ಹಳದಿ ಗುಲಾಬಿಗೆ ಇರುವ ಅರ್ಥ ಗೆಳೆತನವಲ್ಲ. ಅಸೂಯೆ, ಕುಗ್ಗುತ್ತಿರುವ ಪ್ರೀತಿ. ನಾವು ಮದುವೆ ಮನೆ ಬಾಗಿಲಿಗೆ ಕಟ್ಟುವ ಚೆಂಡು ಹೂವಿಗೆ ಅದರಲ್ಲಿ ಕೊಟ್ಟಿರುವ ಅರ್ಥ ದುಃಖ! ಊರು, ಕಾಲ ಬದಲಾದರೆ ಅರ್ಥವೂ ಬದಲಾಗುತ್ತದೆ.

ನಮ್ಮಲ್ಲಿನ ಲೆಕ್ಕವೇ ಬೇರೆ

ನಮ್ಮ ಮನ್ಮಥನ ಐದು ಹೂಬಾಣಗಳು ತಾವರೆ, ಅಶೋಕ, ಮಾವಿನ ಹೂ, ಮಲ್ಲಿಗೆ, ನೀಲಿ ನೈದಿಲೆ. ಗುಲಾಬಿ ಅಲ್ಲಿಲ್ಲ. ಕವಿಗಳು ಚೆಲುವೆಯ ಮೂಗನ್ನು ಸಂಪಿಗೆಗೆ ಹೋಲಿಸಿದರು. ಆದರೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ದೊಡ್ಡ ಸಂಪಿಗೆ ಮರ ಸೋಲಿಗರಿಗೆ ದೇವರು. ಅದೇ ಬೆಟ್ಟದ ಪ್ರೇಮಕಥೆಯಲ್ಲಿ ರಂಗಸ್ವಾಮಿ ಒಲಿದು ಮದುವೆಯಾದದ್ದು ಸೋಲಿಗರ ಹುಡುಗಿ ಕುಸುಮಾಲೆಯನ್ನು. ಹುಡುಗಿಯ ಹೆಸರಿನಲ್ಲೇ ಹೂವಿದೆ. ಹೀಗಾಗಿ ಸೋಲಿಗರಿಗೆ ರಂಗಸ್ವಾಮಿ ಭಾವ.

ಹಳೇ ಮೈಸೂರು ಕಡೆ ‘ಹುಡುಗಿಗೆ ಹೂ ಮುಡಿಸಿದ್ದಾರೆ’ ಎಂದರೆ ಸಂಬಂಧ ಗೊತ್ತಾಯಿತು ಎಂದೇ ಲೆಕ್ಕ. ಅದಕ್ಕೂ ಮೊದಲು ದೇವರ ಮುಂದೆ ಹೂ ಪ್ರಸಾದ ಕೇಳುವವರಿದ್ದಾರೆ. ಬಲಗಡೆ ಬಿದ್ದರೆ ಒಪ್ಪಿಗೆ ಎನ್ನುವ ನಂಬಿಕೆ. ಅಂದರೆ ಹೂವನ್ನು ಉತ್ತರವೆಂದು ಓದುವುದು ನಮಗೂ ಹಳೆಯ ಅಭ್ಯಾಸ. ಹೀಗೆ ಓದುವಾಗ ಹುಡುಗಿಯ ಬಾಯಿಂದ ಬರಬೇಕಾದ ಮಾತನ್ನು ಎಷ್ಟೋ ಸಲ ಯಾರೂ ಕೇಳಿರುವುದಿಲ್ಲ.

ತೊಂದರೆ ಆಗುವುದು ಎಲ್ಲಿ?

ಇದೇ ಲೆಕ್ಕದ ಇನ್ನೊಂದು ಮುಖ, ಗಂಡ ತೀರಿಕೊಂಡ ಹೆಂಗಸು ಹೂ ಮುಡಿಯಬಾರದು ಎಂಬ ಕಟ್ಟುಪಾಡು. ಇದಕ್ಕೆ ವೈಜ್ಞಾನಿಕ ಕಾರಣ ಇದೆ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಚಿಕ್ಕಂದಿನಿಂದ ಮುಡಿಯುತ್ತಿದ್ದ ಹೂವನ್ನು ಗಂಡ ಸತ್ತ ಮಾರನೆಯ ದಿನವೇ ಮೈಗೆ ಆಗದ ವಸ್ತುವನ್ನಾಗಿ ಮಾಡುವ ಯಾವ ಗುಣವೂ ಮಲ್ಲಿಗೆಯಲ್ಲಿಲ್ಲ. ನಿಯಮ ಜನ ಮಾಡಿದ್ದು, ಜನವೇ ಬಿಡಬಹುದು. ಎಷ್ಟೋ ಮನೆಗಳಲ್ಲಿ ಬಿಟ್ಟಿದ್ದಾರೆ ಕೂಡ.

ಗುಲಾಬಿಯ ವಿಷಯವೂ ಅಷ್ಟೇ. ಕಾಲೇಜಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಹಿಡಿಸಿದ ಹೂವನ್ನು ಹುಡುಗಿ ಸಂಕೋಚಕ್ಕೋ ಭಯಕ್ಕೋ ತೆಗೆದುಕೊಂಡಿರಬಹುದು. ಅದು ಒಪ್ಪಿಗೆ ಅಲ್ಲ. ಆಸಕ್ತಿ ಇಲ್ಲ ಎಂದು ಆಕೆ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತಿದರೆ, ಸಂಪರ್ಕಿಸಲು ಯತ್ನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಶಿಕ್ಷೆ, ದಂಡ ವಿಧಿಸಬಹುದು.

ಹೂ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಇಷ್ಟಪಟ್ಟವರಿಗೆ ಗುಲಾಬಿ ಕೊಡಿ, ಒಂದು ಮಾರು ಮಲ್ಲಿಗೆ ಕೊಡಿ. ಉತ್ತರವನ್ನು ಮಾತ್ರ ಅವರಿಂದಲೇ ಕೇಳಿ. ‘ಹೂ ತೆಗೆದುಕೊಂಡರೆ ಒಪ್ಪಿಗೆ’ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.