ಎಳೆದೊಯ್ಯುವ ಮನೆ: ಅದರ ಚೌಕಟ್ಟೂ ನೆಲದಿಂದಿರುವ ಎತ್ತರವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾರಿನ ಹಿಂದೆ ಪುಟ್ಟದೊಂದು ಮನೆಯನ್ನೇ ಕಟ್ಟಿಕೊಂಡು ಸಂಸಾರಸಮೇತ ಸಂಚಾರ ಹೊರಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಇಂತಹ ಬಂಡಿಗೆ ಟ್ರ್ಯಾವೆಲ್ ಟ್ರೇಲರ್ ಎಂದು ಹೆಸರು. ವಾಲಿ ಬಯಮ್ ಎಂಬವರ ಏರ್‌ಸ್ಟ್ರೀಮ್ ಸಂಸ್ಥೆಯು 1936ರಲ್ಲಿ ಹೊರತಂದ ‘ಕ್ಲಿಪ್ಪರ್’ ಇವುಗಳಲ್ಲಿ ಹೆಸರುವಾಸಿಯಾದುದು. ಒಳಗಿನ ಒಲೆ, ಮಂಚ, ನೀರಿನ ತೊಟ್ಟಿಗಳನ್ನು ನೋಡಿ ಮೆಚ್ಚುವವರು ಬಹಳ. ಬಗ್ಗಿ ಅಡಿಯನ್ನು ನೋಡುವವರು ವಿರಳ. ಆದರೆ ಒಳಗಿನವರ ಕ್ಷೇಮವು ಅಡಿಯ ಉಕ್ಕಿನ ಚೌಕಟ್ಟನ್ನೇ ಅವಲಂಬಿಸಿರುವುದರಿಂದ, ಈ ತಿಂಗಳು ಆ ವಿಚಾರವಾಗಿ ಎರಡು ಮಾತು ಬರೆಯುತ್ತೇವೆ.

ಉದ್ದವಾದ ಎರಡು ತೊಲೆಗಳು, ಏಣಿಯ ಮೆಟ್ಟಿಲುಗಳಂತೆ ಅವನ್ನು ಬೆಸೆಯುವ ಅಡ್ಡಪಟ್ಟಿಗಳು, ಮುಂದುಗಡೆ ಕಾರಿನ ಕೊಂಡಿಗೆ ಸೇರುವ ಮೂಕಿ, ಇಷ್ಟೇ ಚೌಕಟ್ಟಿನ ರಚನೆ. ಇರುಸನ್ನು ನಡುವಿಗಿಂತ ತುಸು ಹಿಂದಕ್ಕೆ ಕೂಡಿಸಿ, ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳುವಂತೆ ಮಾಡುವರು. ಎತ್ತಿನ ಗಾಡಿಯು ಹಿಂಭಾರವಾದರೆ ಮೂಕಿ ಮೇಲೇಳುವುದನ್ನು ಎಲ್ಲರೂ ಬಲ್ಲರು. ಟ್ರೇಲರು ಹಿಂಭಾರವಾದರೆ ವೇಗದಲ್ಲಿ ಹಾವಿನಂತೆ ಹೊಯ್ದಾಡಿ, ಎಳೆಯುವ ಕಾರನ್ನೂ ಉರುಳಿಸಬಲ್ಲದು.

ಇನ್ನು ನೆಲದಿಂದಿರುವ ಎತ್ತರ. ಇದನ್ನು ಚಕ್ರದ ಬಳಿ ಅಳೆದು ತೃಪ್ತರಾಗುವುದು ಸಲ್ಲದು. ಬಾಲದ ತುದಿಯಲ್ಲಿಯೂ ಅಳೆಯತಕ್ಕದ್ದು. ಚಕ್ರದ ಹಿಂದೆ 12 ಅಡಿ, ಎಂದರೆ 144 ಅಂಗುಲ, ಚಾಚಿರುವ ಬಂಡಿಯೊಂದನ್ನು ಊಹಿಸಿರಿ. ಹತ್ತು ಅಡಿಗೆ ಒಂದು ಅಡಿಯಂತೆ ಏರುವ ದಾರಿಗೆ ಚಕ್ರಗಳು ತಾಗಿದ ಕ್ಷಣದಲ್ಲಿ, ಕಾರು ಆಗಲೇ ಏರಿನಲ್ಲಿರುವುದರಿಂದ, ಬಾಲವು ಸುಮಾರು 14 ಅಂಗುಲ ತಗ್ಗುವುದು. ಬಾಲದ ಎತ್ತರವು 13 ಅಂಗುಲವೇ ಆಗಿದ್ದರೆ ಅದು ನೆಲಕ್ಕೆ ಉಜ್ಜಿಯೇ ತೀರುವುದು. ಅಲ್ಲಿ ಜೋತಿರುವ ಕೊಳಚೆನೀರಿನ ಕೊಳವೆ ಮುರಿಯುವುದು. ಬಾಲವು 6 ಅಡಿಯಾದರೆ ತಗ್ಗುವುದು 7 ಅಂಗುಲ ಮಾತ್ರ.

ಹಾಗಾದರೆ ಚೌಕಟ್ಟನ್ನೇ ಎತ್ತಿಬಿಡಬಾರದೇಕೆ? ಇರುಸಿನ ಕೆಳಗಿರುವ ಪಟ್ಟಿಯ ಸ್ಪ್ರಿಂಗುಗಳನ್ನು ಇರುಸಿನ ಮೇಲಕ್ಕೆ ಕೂಡಿಸಿದರೆ ಕೆಲವು ಅಂಗುಲಗಳ ಎತ್ತರ ದೊರೆಯುವುದು ನಿಜ. ಆದರೆ ಅದರೊಡನೆ ಭಾರದ ಕೇಂದ್ರವೂ ಮೇಲೇರುವುದು. ತಿರುವಿನಲ್ಲಿಯೂ ಅಡ್ಡಗಾಳಿಯಲ್ಲಿಯೂ ಬಂಡಿ ಹೆಚ್ಚು ವಾಲುವುದು. ಮೆಟ್ಟಿಲು ವೃದ್ಧರಿಗೂ ಮಕ್ಕಳಿಗೂ ಎಟುಕದಾಗುವುದು. ಕೊಂಡಿಯನ್ನೂ ಎತ್ತರಿಸದಿದ್ದರೆ ಬಂಡಿಯು ಮುಂದಕ್ಕೆ ಬಾಗಿ ನಿಲ್ಲುವುದು. ಎತ್ತುವುದನ್ನು ಬಿಟ್ಟು ಇರುಸನ್ನೇ ಹಿಂದಕ್ಕೆ ಸರಿಸಿದರೆ ಬಾಲವು ಕಿರಿದಾಗುವುದು, ಆದರೆ ಮೂಕಿಯ ಭಾರವು ಬೆಳೆದು ಕಾರನ್ನು ಕುಗ್ಗಿಸುವುದು. ಒಂದನ್ನು ಪಡೆದರೆ ಮತ್ತೊಂದನ್ನು ತೆರಲೇಬೇಕು.

ಆದುದರಿಂದ, ಅಲ್ಲಿ ನೆಲಸಿರುವ ನಮ್ಮವರು ಇಂತಹ ಬಂಡಿಯನ್ನು ಕೊಳ್ಳಹೊರಟರೆ, ತಾವು ಹೋಗುವ ದಾರಿಗೆ ಸಾಲುವಷ್ಟೇ ಎತ್ತರವನ್ನು ಆರಿಸಿಕೊಳ್ಳುವುದು ಲೇಸು. ಕೊಳವೆಗಳು ತೊಲೆಯ ಕೆಳಅಂಚಿಗಿಂತ ಮೇಲಿರಲಿ. ಬಾಲದ ಅಡಿಗೆ ಉಕ್ಕಿನ ಪುಟ್ಟ ಉರುಳೆಗಳಿರಲಿ. ತೊಲೆಯ ಬಲವೆಲ್ಲವೂ ಬಹುಮಟ್ಟಿಗೆ ಅದರ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿರುವುದರಿಂದ, ಅಲ್ಲಿ ಯಾರಿಗೂ ರಂಧ್ರ ಕೊರೆಯಗೊಡಬಾರದು. ಮನೆ ಕಟ್ಟುವವನು ಮೊದಲು ತಳಪಾಯವನ್ನು ನೋಡುವನು. ಮನೆಯು ಚಕ್ರದ ಮೇಲಿದ್ದರೂ ಆ ನ್ಯಾಯವು ತಪ್ಪಿದ್ದಲ್ಲ.