ಕಡಲ ರಿಗ್‌ಗಳಲ್ಲಿ ಮೇಲಿನಿಂದ ವಸ್ತುಗಳು ಬೀಳುವುದನ್ನು ತಡೆಯುವಂತೆ ಕೋರಿ ಮನವಿ ಪತ್ರ

ಇವರಿಗೆ,
ಕಾರ್ಯನಿರ್ವಾಹಕ ನಿರ್ದೇಶಕರು,
ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ, ನೋಯ್ಡಾ

ಇವರಿಂದ,
ಮುಂಬೈ ಹೈ ತೈಲಕ್ಷೇತ್ರದ ರಿಗ್ ಒಂದರಲ್ಲಿ ದುಡಿಯುವ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗುತ್ತಿಗೆ ಕಾರ್ಮಿಕರು

ಮಾನ್ಯರೇ,

ಕಳೆದ ಸರದಿಯಲ್ಲಿ ನಮ್ಮ ರಿಗ್‌ನ ಡೆರಿಕ್ ಮೇಲಿಂದ ಫ್ಲಡ್‌ಲೈಟಿನ ಬ್ರಾಕೆಟ್ ಕಳಚಿ ಡ್ರಿಲ್ ಫ್ಲೋರ್ ಮೇಲೆ ಬಿದ್ದಿದೆ. ಅಲ್ಲೇ ಇದ್ದ ರಫ್‌ನೆಕ್ ಆಗಷ್ಟೇ ಪೈಪಿನತ್ತ ಸರಿದಿದ್ದರಿಂದ ಬದುಕಿದರು. ಅದೇ ಲೈಟಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆ, ಕಳಚಿದರೆ ತಡೆಯಲು ಸರಪಳಿಯೂ ಇಲ್ಲವೆಂದು ನಮ್ಮ ಡೆರಿಕ್‌ಮನ್ ಮಳೆಗಾಲಕ್ಕೆ ಮೊದಲೇ ಬರೆದುಕೊಟ್ಟಿದ್ದರು (ಅಡಕ 1). ಟೂಲ್‌ಪುಷರ್‌ಗೆ ಕೊಟ್ಟ ಪತ್ರ (ಅಡಕ 2), ಗುತ್ತಿಗೆ ಕಂಪನಿಗೆ ಕಳುಹಿಸಿದ ನೆನಪೋಲೆಗಳು (ಅಡಕ 3), ಬಿದ್ದ ಬ್ರಾಕೆಟ್ಟಿನ ಮತ್ತು ತುಂಡಾದ ಬೋಲ್ಟಿನ ಫೋಟೋಗಳು (ಅಡಕ 4) ಇದರೊಂದಿಗಿವೆ. ಯಾವ ಪತ್ರಕ್ಕೂ ಉತ್ತರ ಬಂದಿಲ್ಲ. 'ಯಾರಿಗೂ ಗಾಯವಿಲ್ಲ' ಎಂದು ಬರೆದು ಕಡತ ಮುಚ್ಚಿದ್ದಾರೆ.

ಒಂದು ಕಿಲೋ ತೂಕದ ವಸ್ತು 30 ಮೀಟರ್ ಮೇಲಿಂದ ಬಿದ್ದರೆ ಕೆಳಗೆ ತಲುಪುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 87 ಕಿ.ಮೀ. ಆಗಿರುತ್ತದೆ. ತೂಕ ಮತ್ತು ಎತ್ತರ ನೋಡಿ ಏನಾಗಬಹುದಿತ್ತು ಎಂದು ಅಳೆಯುವ ಡ್ರಾಪ್ಸ್ ಪಟ್ಟಿ ಜಗತ್ತಿನ ಅನೇಕ ರಿಗ್‌ಗಳಲ್ಲಿ ಬಳಕೆಯಲ್ಲಿದೆ. ಕೆಳಗಿರುವವರು ಹೆಲ್ಮೆಟ್ ಧರಿಸಿದ್ದಾರೆಂದು ಎಣಿಸಿಯೇ ಆ ಪಟ್ಟಿ ಮಾಡಿದ್ದಾರೆ. ಆದ್ದರಿಂದ 'ಹೆಲ್ಮೆಟ್ ಇತ್ತಲ್ಲ' ಎಂಬ ಮಾತನ್ನು ನಾವು ಇನ್ನು ಕೇಳಲು ಸಿದ್ಧರಿಲ್ಲ.

2008ರ ಕಡಲ ಸುರಕ್ಷತಾ ನಿಯಮಗಳು ತಮಗೆ ತಿಳಿದೇ ಇವೆ, ಅವುಗಳ ಜಾರಿಯೂ ತಮ್ಮ ಕೈಯಲ್ಲಿದೆ. ಆದ್ದರಿಂದ ಕ್ರೌನ್ ಬ್ಲಾಕಿನಿಂದ ಮಂಕಿ ಬೋರ್ಡಿನವರೆಗೆ, ಟಾಪ್ ಡ್ರೈವ್ ಸಹಿತ, ಎತ್ತರದಲ್ಲಿ ಕೂರಿಸಿದ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿಸಬೇಕು. ಬೋಲ್ಟು ಸೋತರೂ ವಸ್ತು ಬೀಳದಂತೆ ಹಿಡಿಯುವ ಎರಡನೇ ಕಟ್ಟು ಎಲ್ಲಕ್ಕೂ ಇರಬೇಕು. ಉಪ್ಪುಗಾಳಿಗೆ ಸವೆದ ಬೋಲ್ಟು, ಕಾಟರ್ ಪಿನ್ನುಗಳನ್ನು ಬದಲಿಸಬೇಕು. ಬಣ್ಣ ಬಳಿದು ತುಕ್ಕು ಮುಚ್ಚಬಾರದು. ಮೇಲೆ ಹೋಗುವ ಸ್ಪ್ಯಾನರು, ಸುತ್ತಿಗೆಗಳನ್ನು ಹಗ್ಗದಿಂದ ಕಟ್ಟಿಕೊಂಡೇ ಒಯ್ಯಬೇಕು, ಇಳಿದ ಮೇಲೆ ಎಣಿಸಬೇಕು. ಮೇಲೆ ಕೆಲಸ ನಡೆಯುವಾಗ ಕೆಳಗೆ ಒಬ್ಬರೂ ಇರಕೂಡದು. ಕೊರೆತ ನಿಂತರೆ ನಷ್ಟವೆಂದು ಈ ಒಂದು ನಿಯಮವನ್ನು ದಿನವೂ ಮುರಿಯಲಾಗುತ್ತಿದೆ.

ಸುರಕ್ಷತಾ ಸೂಚನೆಗಳನ್ನು ನಮಗೆ ತಿಳಿಯುವ ಭಾಷೆಯಲ್ಲೂ ಹೇಳಬೇಕು.

ಮೊದಲೇ ಎಚ್ಚರಿಸಿದ ಡೆರಿಕ್‌ಮನ್ನರನ್ನು ಈ ಸರದಿಗೆ ಕರೆದಿಲ್ಲ. ಸರಿಯಾದುದನ್ನು ಬರೆದದ್ದಕ್ಕೆ ಅವರ ಅನ್ನ ಕಿತ್ತುಕೊಂಡಂತಾಗಿದೆ. ಅವರನ್ನು ಹಿಂದಿನ ದರ್ಜೆಯಲ್ಲೇ, ಬಾಕಿ ವೇತನ ಸಹಿತ ಮರಳಿ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ರಿಗ್ಗಿಂಗ್ ತರಬೇತಿ ಪಡೆದ ಇಬ್ಬರನ್ನು ಡೆರಿಕ್ ತಪಾಸಣೆಗೇ ನೇಮಿಸಿ, ತಕ್ಕ ಭತ್ಯೆ ಕೊಡಿಸಬೇಕು.

ಮುಂದಿನ ಮಳೆಗಾಲದ ಒಳಗೆ ತಮ್ಮ ತಪಾಸಣಾ ತಂಡವೇ ರಿಗ್ ಹತ್ತಿ ನೋಡಬೇಕು ಮತ್ತು ಅದರ ವರದಿಯ ಪ್ರತಿಯನ್ನು ನಮಗೆ ಒದಗಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿಗಳ ಪಟ್ಟಿ ಲಗತ್ತಿಸಿದೆ)