ಸಿರತ್-ಎ-ಜೂದಿ ಅಂದ್ರೆ ಗೊತ್ತಾ?

ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದರೆ, ಶಕ್ತಿನಗರ ದಾಟಿದ ಕೂಡಲೇ ಕೃಷ್ಣಾ ನದಿ. ಅದರ ಮೇಲೆ ದೇವಸೂಗೂರಿನ ಹತ್ತಿರ ಒಂದು ಹಳೇ ಕಮಾನು ಸೇತುವೆ. ಬಸ್ಸಿನ ಕಿಟಕಿಯಿಂದ ಹೊಳೆಗೆ ಚಿಲ್ಲರೆ ಕಾಸು ಎಸೆದವರು ಬೇಕಾದಷ್ಟು ಜನ, ಹೆಸರು ಬಲ್ಲವರು ಕಡಿಮೆ. ಹೈದರಾಬಾದಿನ ರಾಜಕುಮಾರ ಜವಾದ್ ಜಾಹನ ನೆನಪಿಗೆ ಇಟ್ಟ ಹೆಸರು: ಸಿರತ್-ಎ-ಜೂದಿ. 1933ರಲ್ಲಿ ಶುರು, 1943ರಲ್ಲಿ ಮುಕ್ತಾಯ. 35 ಕಮಾನು, 2,488 ಅಡಿ ಉದ್ದ, 60 ಅಡಿ ಎತ್ತರ. ಅಗಲ ಮಾತ್ರ 20 ಅಡಿ. ಆಗಿನ ಖರ್ಚು 13 ಲಕ್ಷ ಚಿಲ್ಲರೆ.

ಈ ಸೇತುವೆ ವಿಷಯ ಎತ್ತಿದರೆ ಎರಡು ಮಾತು ಕೇಳಬೇಕಾಗುತ್ತೆ.

ಒಂದು: "ನಿಜಾಮಂದು, ನಮಗ್ಯಾಕ್ರೀ?" ರಜಾಕಾರರ ಕಾಲದ ಕಥೆ ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಹಸಿಯಾಗಿದೆ, ಒಪ್ಪಿದೆ. ಆದರೆ ಖಜಾನೆ ತುಂಬಿಸಿದ್ದು ಯಾರು? ಕಂದಾಯ ಕಟ್ಟಿದ ರೈತ. ಬಿಸಿಲಲ್ಲಿ ಕಲ್ಲು ಹೊತ್ತಿದ್ದು ಯಾರು? ಕೂಲಿಯವರು. ಹೆಸರು ರಾಜಕುಮಾರನದ್ದಿರಲಿ, ಸೇತುವೆ ನಮ್ಮದು.

ಎರಡು: "ಹಳೇದು, ಇಕ್ಕಟ್ಟು, ಹೊಸದು ಕಟ್ಟಿ ಇದನ್ನ ಬಿಟ್ಟುಬಿಡಿ." ಹೊಸದು ಬೇಕೇ ಬೇಕು. 20 ಅಡಿಯಲ್ಲಿ ಎರಡು ಲಾರಿ ಎದುರಾದರೆ ಆಗುವ ಫಜೀತಿ ಎಲ್ಲರಿಗೂ ಗೊತ್ತು. ನನ್ನ ತಕರಾರು "ಬಿಟ್ಟುಬಿಡಿ" ಅನ್ನೋದಕ್ಕೆ. 2019ರ ಆಗಸ್ಟಿನಲ್ಲಿ ಇದೇ ಕೃಷ್ಣೆ ಉಕ್ಕಿದಾಗ ದೇವದುರ್ಗದ ಕಡೆಯ ಹೂವಿನಹೆಡಗಿ ಸೇತುವೆ ಮುಳುಗಿ ಸಂಚಾರ ಬಂದಾಗಿತ್ತು. ಈ "ಹಳೇದು" ನಿಂತೇ ಇತ್ತು. ಎಂಬತ್ತು ವರ್ಷ ಓಡಿದ ಪ್ರೋಗ್ರಾಂ ನಮ್ಮ ಸಾಫ್ಟ್‌ವೇರಿನವರು ಯಾರಾದರೂ ಬರೆದಿದ್ದೇವಾ ಸ್ವಾಮಿ?

ಬಿಟ್ಟರೆ ಏನಾಗುತ್ತೆ? ಶಿವನಸಮುದ್ರ ನೋಡಿ. ಪಕ್ಕದಲ್ಲಿ ಹೊಸ ಸೇತುವೆ ಬಂತು, ಕಲ್ಲುಕಂಬದ ವೆಸ್ಲಿ ಸೇತುವೆ ಮೂಲೆಗೆ ಬಿತ್ತು. 2018ರ ಕಾವೇರಿ ಪ್ರವಾಹದಲ್ಲಿ ಅದರ ಒಂದು ಭಾಗವೇ ಕೊಚ್ಚಿಹೋಯಿತು. ಆಮೇಲೆ ಎಲ್ಲರಿಗೂ ಅದರ ಮೇಲೆ ಎಲ್ಲಿಲ್ಲದ ಪ್ರೀತಿ!

ಕಮಾನಿನ ಗುಟ್ಟು ಸರಳ. ಮೇಲಿನ ಭಾರವೆಲ್ಲ ಒತ್ತಡವಾಗಿ ಕಂಬಕ್ಕೆ ಇಳಿಯುತ್ತೆ. ಅದರ ಶತ್ರುಗಳೂ ಸರಳ: ಸಂದಿಗೆ ಇಳಿಯುವ ನೀರು, ಬಿರುಕಲ್ಲಿ ಬೇರು ಬಿಡುವ ಅರಳಿ ಗಿಡ, ಬುಡ ಕೊರೆಯುವ ಪ್ರವಾಹ. ಗಿಡ ಕಿತ್ತು, ನೀರಿನ ತೂಬು ತೆರೆದಿಟ್ಟು, ಪ್ರತಿ ಮಳೆಗಾಲ ಮುಗಿದ ಮೇಲೆ ಬುಡ ನೋಡೋದಕ್ಕೆ ಕೋಟಿಗಟ್ಟಲೆ ಬೇಡ.

ಭಾರಿ ಲಾರಿಗಳು ಹೊಸ ಸೇತುವೆ ಮೇಲೆ ಹೋಗಲಿ. ಹಳೇದು ನಡೆಯೋರಿಗೆ, ಸೈಕಲ್ಲಿಗೆ ಇರಲಿ. ಒಂದು ಕನ್ನಡ ಫಲಕ ಹಾಕಿ. ಮಾನ್ವಿ, ದೇವದುರ್ಗದ ಶಾಲೆಗಳ ಪ್ರವಾಸದ ಬಸ್ಸು ಹಂಪಿಗೆ ಹೋಗಲಿ, ಇಲ್ಲೂ ಒಂದು ಗಂಟೆ ನಿಲ್ಲಲಿ.

ನದಿಯ ಆ ದಡ ತೆಲಂಗಾಣ, ಈ ದಡ ಕರ್ನಾಟಕ. "ಅವರು ನೋಡ್ಕೋತಾರೆ" ಅಂತ ಇಬ್ಬರೂ ಕೈತೊಳೆದುಕೊಂಡರೆ ಮುಗೀತು ಕಥೆ. ಮೊದಲು ನಮ್ಮ ದಡದವರು ಕೇಳೋಣ. ಏನಂತೀರಿ?